ಬೆನ್ನು ಮುಂದಾಗಿ ಬಂದ ಹೊಸ ಬಸ್ಸು

ತಾಯಲೂರಿಂದ ಕೋಲಾರಕ್ಕೆ ಬಸ್ಸು ಓಡಿಸುತ್ತಿದ್ದ ನಮ್ಮ ಮುನಿಯಲ್ಲಪ್ಪ ಗಿಡ್ಡ ಆಳು. ಸೀಟಿನ ಮೇಲೆ ರಾಗಿ ಚೀಲ ಮಡಿಸಿ ಹಾಕಿಕೊಂಡರಷ್ಟೇ ರಸ್ತೆ ಕಾಣುತ್ತಿತ್ತು. ಅವನ ಹಳೇ ಬಸ್ಸಿನಲ್ಲೇ ಪಾಂಡವರು ವನವಾಸಕ್ಕೆ ಹೊರಟು, ಅರ್ಧದಾರಿಯಲ್ಲಿ ಇಳಿದು ನಡೆದರಂತೆ. ಸ್ಟಾರ್ಟ್ ಮಾಡುವ ಸೆಲ್ಫು ಸತ್ತು, ರಿವರ್ಸ್ ಗೇರು ಕಿತ್ತುಹೋಗಿ ಎಷ್ಟೋ ವರ್ಷ. ಬಿಡಿಭಾಗ ಎಲ್ಲೂ ಸಿಗದು. ನಾವು ಸಾಮಾನು ಒಳಗಿಟ್ಟು, ಇಳಿದು ತಳ್ಳಿ, ಓಡಿ ಹತ್ತಬೇಕು. ನಮ್ಮೂರ ಹೆಂಗಸರು ತಳ್ಳುವ ರಭಸಕ್ಕೆ ಒಮ್ಮೊಮ್ಮೆ ಎಂಜಿನ್ನಿನ ಹಂಗಿಲ್ಲದೆ ಮುಳಬಾಗಿಲು ಮುಟ್ಟುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಓನರ್ ಕೋದಂಡರಾಮಪ್ಪ ಹೊಸ ಬಸ್ಸು ತಂದರು. ಮೊದಲ ಟ್ರಿಪ್ಪಿಗೇ ನನ್ನ ಹೆಂಡತಿ ಅನಸೂಯಮ್ಮ ರೇಷ್ಮೆಗೂಡಿನ ಮೂಟೆ ಹಿಂದಿನ ಸೀಟಿನ ಮೇಲಿಟ್ಟಳು. ಗೂಡು ಬಲಿತಿತ್ತು. ಅವತ್ತೇ ಕೋಲಾರದ ಹರಾಜು ಮುಟ್ಟದಿದ್ದರೆ ಚಿಟ್ಟೆ ಕೊರೆದು ಹಾರಿ, ಬೆಳೆಯೆಲ್ಲ ಮಣ್ಣುಪಾಲು.

ಇಟ್ಟವಳು ವಾಡಿಕೆಯಂತೆ ಇಳಿದಳು. ನಾನೂ ಇಳಿದೆ, ಊರೂ ಇಳಿಯಿತು. "ಐಸಾ" ಎಂದು ಕೈ ಚಾಚಿದರೆ ಬಸ್ಸೇ ಇಲ್ಲ! ಮುನಿಯಲ್ಲಪ್ಪ ಹೊಸ ಸೆಲ್ಫು ಒತ್ತಿದ್ದ. ನಾವು ರಾಗಿ ಹೊರೆಯಂತೆ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು.

"ಒರೇ ಮುನಿಯಲ್ಲಾ, ಆಪರಾ! ನಿಲ್ಲಿಸೋ! ನನ್ನ ಗೂಡು ಕಣೋ!"

ಅನಸೂಯಮ್ಮನ ಕೂಗಿಗೆ ನಂಗಲಿಯಲ್ಲಿ ಲಾರಿಗಳು ಬ್ರೇಕು ಹಾಕಿದವಂತೆ. ಬಸ್ಸು ನಿಲ್ಲಲಿಲ್ಲ.

ಕೆರೆ ಏರಿಯ ಆ ತುದಿಯಲ್ಲಿ ಕಂಡಕ್ಟರ್ ಬಚ್ಚಪ್ಪ ಟಿಕೆಟ್ ಕೊಡಲು ತಿರುಗಿದರೆ ಇದ್ದದ್ದು ಮೂಟೆಗಳು, ಒಂದು ಹುಂಜ.

"ಅಣ್ಣಾ, ಜನಾನೇ ಇಲ್ಲ!"

"ಅದಕ್ಕೇನ್ಲಾ ಇಷ್ಟು ಹಗುರವಾಗಿ ಹೋಗ್ತೈತೆ? ಹೊಸ ಬಸ್ಸೇ ಹಿಂಗೆ ಅಂದ್ಕೊಂಡೆ."

ಏರಿ ಕಿರಿದು. ಒಂದು ಕಡೆ ನೀರು, ಇನ್ನೊಂದು ಕಡೆ ಹಳ್ಳ. ಮುನಿಯಲ್ಲಪ್ಪನಿಗೋ ರಿವರ್ಸ್ ಹಾಕುವುದೇ ಮರೆತುಹೋಗಿತ್ತು.

"ಮುಳಬಾಗಿಲಲ್ಲಿ ತಿರುಗಿಸೋಣ ಬಿಡಣ್ಣಾ."

"ಅಷ್ಟೊತ್ತಿಗೆ ಹರಾಜು ಮುಗೀತದೆ. ಅನಸೂಯಕ್ಕನ ಗೂಡು ಕಣ್ಲಾ. ಇಳಿ, ಸೀಟಿ ಊದು."

ಬಸ್ಸಿನ ಬೆನ್ನು ಏರಿಯ ಮೇಲೆ ನಮ್ಮ ಕಡೆ ತೆವಳಿತು. ಒಂದು ಚಕ್ರ ಗಾಳಿಯಲ್ಲಿತ್ತು ಎಂದರೆ ನೀವು ನಂಬುವುದಿಲ್ಲ. ಕೆರೆಯ ಮೀನುಗಳು ನಂಬಿ ಆಚೆ ಸರಿದಿದ್ದವು. ಅನಸೂಯಮ್ಮ ಕಣ್ಣು ಮುಚ್ಚಿ ನನ್ನ ಕೈ ಹಿಡಿದಳು. ಧಾರೆಯ ದಿನವೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಬಸ್ಸು ನಿಂತಾಗ ಮುನಿಯಲ್ಲಪ್ಪನ ಅಂಗಿ ಹಿಂಡಿದರೆ ಒಂದು ಗದ್ದೆ ತೋಯುತ್ತಿತ್ತು.

"ಹತ್ರೀ ಬೇಗ! ಇನ್ನೊಂದು ಸಲ ಇಳಿದ್ರೆ ನೋಡಿ!"

ಗೂಡು ಹರಾಜಿಗೆ ಮುಟ್ಟಿತು. ಆ ವರ್ಷ ನಮ್ಮನೆ ಒಲೆ ಉರಿದದ್ದು ಅವನ ಪುಣ್ಯ.

ಅವನು ಸ್ಟಿಯರಿಂಗ್ ಬಿಡುವವರೆಗೂ ಅನಸೂಯಮ್ಮ ಬಸ್ಸು ಹತ್ತುವ ಮುಂಚೆ ಹಿಂದೆ ಹೋಗಿ, ಎರಡೂ ಕೈಯಿಂದ ಮೆಲ್ಲಗೆ ಒಮ್ಮೆ ತಳ್ಳಿ ಬರುತ್ತಿದ್ದಳು.

"ಏನಕ್ಕಾ, ಇನ್ನೂ ಮರೆತಿಲ್ವಾ?" ಎಂದು ಅವನು ನಗುತ್ತಿದ್ದ.

"ಮರೆತ್ರೆ ಹೆಂಗಪ್ಪಾ?"