ನೇಪಾಳದಾಗೂ ನಡೀತೈತಿ

ಮುಂದಿನ ಎಡ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಒಡೆಯಲಿಲ್ಲ. ಕಾರು ಮುಂದೆ ಸರಿದಾಗ ಪಕ್ಕಕ್ಕೆ ಜಾರಿ ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಅದನ್ನೇ ನೋಡುತ್ತ ನಿಂತೆ. ಆ ಕಾರಿನ ವಿಮೆ ನೇಪಾಳದಲ್ಲಿ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ — ಆಮೇಲೆ ತಪ್ಪನ್ನು ಅಣ್ಣನ ತಲೆಗೆ ಕಟ್ಟಿದೆ.

ಶರಣಪ್ಪಣ್ಣ ನನ್ನ ದೊಡ್ಡಪ್ಪನ ಮಗ, ಅಳವಂಡಿಯವನು. ಸಾಣಾಪುರದ ಕೆರೆ ನೋಡಲು ಬರುವವರನ್ನು ಸ್ವಂತ ಕಾರಿನಲ್ಲಿ ತಿರುಗಿಸಿ ಸಂಸಾರ ನಡೆಸುತ್ತಿದ್ದ. ನಾನು ಎಂ.ಕಾಂ. ಮುಗಿಸಿ ಗಂಗಾವತಿಯಲ್ಲಿ ವಿಮಾ ಏಜೆಂಟರೊಬ್ಬರ ಆಫೀಸಿಗೆ ಆಗಷ್ಟೇ ಸೇರಿದ್ದೆ. ದೊಡ್ಡವ್ವನಿಗೆ ಕಾಶಿಯ ಜೊತೆಗೆ ಪಶುಪತಿನಾಥನನ್ನೂ ನೋಡುವ ಆಸೆ. ತನ್ನ ಕಾರಿನಲ್ಲೇ ಕರೆದೊಯ್ಯುವುದೆಂದು ತೀರ್ಮಾನಿಸಿದ ಅಣ್ಣ ನನಗೆ ಫೋನು ಮಾಡಿದ.

“ತಂಗಿ, ನಮ್ಮ ಗಾಡಿ ಇನ್ಶೂರೆನ್ಸ್ ನೇಪಾಳದಾಗೂ ನಡೀತೈತೇನವಾ?”

“ನಡೀತೈತಿ ಅಣ್ಣ. ಫುಲ್ ಇನ್ಶೂರೆನ್ಸ್ ಐತಲ್ಲ, ಆರಾಮ ಹೋಗಿ ಬಾ.”

ನೋಡದೆ ಹೇಳಿದ ಮಾತು. ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ಮನೆಯಲ್ಲಿ ಅಷ್ಟು ಓದಿದವಳು ನಾನೊಬ್ಬಳೇ ಎಂಬ ಬಿಂಕ — ಬೇರೇನೂ ಅಲ್ಲ. ಅವರು ಹೊರಡುವ ಹಿಂದಿನ ದಿನ, ನನ್ನ ಮೇಜಿಗೆ ಬಂದ ಬೇರೊಬ್ಬರ ಪಾಲಿಸಿ ಓದುವಾಗ ಕಣ್ಣಿಗೆ ಬಿತ್ತು: ವಿಮೆ ಭಾರತದೊಳಗೆ ಮಾತ್ರ. ನೇಪಾಳಕ್ಕೆ ಒಯ್ಯುವುದಾದರೆ ಮುಂಚೆಯೇ ಅರ್ಜಿ ಕೊಟ್ಟು, ಸ್ವಲ್ಪ ಹೆಚ್ಚಿಗೆ ಕಟ್ಟಿ ವಿಸ್ತರಿಸಿಕೊಳ್ಳಬೇಕು. ಮಾಡಬಹುದಾದ ಕೆಲಸವೇ. ಆದರೆ ಮೊದಲು ನಾನು ತಪ್ಪು ಹೇಳಿದೆನೆಂದು ಅಣ್ಣನೆದುರು ಒಪ್ಪಿಕೊಳ್ಳಬೇಕಿತ್ತು.

ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅವರನ್ನು ಬೀಳ್ಕೊಡಲು ಹುಲಿಗಿಗೆ ಹೋದೆ. ಹುಲಿಗೆಮ್ಮನ ಗುಡಿಯ ಮುಂದೆ ಕಾರಿನ ಪೂಜೆ ಮುಗಿದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಸೆರಗು ಸಿಕ್ಕಿಸಿ ಒಳಗೆ ಕೂತು, “ಗಾಡಿ ಹೊಂಟೈತಿ, ಯಾರೂ ಹಿಂದ ಕರೀಬ್ಯಾಡ್ರಿ ಮತ್ತ” ಎಂದಳು. ನಮ್ಮಲ್ಲಿ ಹೊರಟವರನ್ನು ತಡೆಯಬಾರದು. ಆ ಮಾತು ನನಗೆ — ಹೇಗೆ ಹೇಳಲಿ — ಅನುಕೂಲವಾಯಿತು. ಅದೊಂದೇ ಕಾರಣವಾಗಿದ್ದರೆ ಅವರು ದಾರಿಯಲ್ಲಿರುವಾಗ ಫೋನು ಮಾಡಬಹುದಿತ್ತು. ಅಣ್ಣ ಗಂಗೆಯ ದಂಡೆಯಿಂದ ಫೋಟೋ ಕಳಿಸಿದ. ನಾನು ಕೈಮುಗಿದ ಚಿತ್ರ ಕಳಿಸಿದೆ. ಅಷ್ಟೇ.

ನೇಪಾಳದ ಘಟ್ಟದ ತಿರುವಿನಲ್ಲಿ ಕಾರು ಜಾರಿ ಕಲ್ಲಿನ ತಡೆಗೋಡೆಗೆ ಬಡಿಯಿತು. ಜನ ಉಳಿದರು, ಕಾರು ಉಳಿಯಲಿಲ್ಲ. ಪರಿಹಾರ ಕೊಡಲಾಗದೆಂದು ಕಂಪನಿ ತಿಳಿಸಿದ ದಿನ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತಿದ್ದರು. “ಯಾಕಂತ ತಂಗಿ?” ಎಂದ ಅಣ್ಣ. ಎಲ್ಲರೂ ನನ್ನ ಕಡೆ ತಿರುಗಿದರು.

“ಹೋಗೂಮುಂದ ಒಂದು ಮಾತು ಕೇಳಬೇಕಿತ್ತಣ್ಣ.”

ಅವನು ನನ್ನನ್ನೇ ನೋಡಿದ. ಆಮೇಲೆ ನೆಲ ನೋಡಿದ. “ಹೌದವಾ... ಕೇಳಬೇಕಿತ್ತು.”

‘ಕೇಳಿದ್ದೆನಲ್ಲ’ ಎಂದು ಯಾಕೆ ಅನ್ನಲಿಲ್ಲ ಅವನು? ನನ್ನ ಕೆಲಸ ಹೊಸದು, ಮನೆಯ ಹೆಣ್ಣುಮಕ್ಕಳಲ್ಲಿ ಮೊದಲ ನೌಕರಿ... ಅದಕ್ಕೆ ಕುತ್ತು ಬಾರದಿರಲೆಂದೇ? ಅದನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಈಗ ಅವನು ಬೇರೆಯವರ ಗಾಡಿ ಓಡಿಸುತ್ತಾನೆ. ಕೀಲಿ ಕೈಗೆತ್ತಿಕೊಂಡರೆ ಸಾಕು, ಮನೆಯಲ್ಲಿ ಯಾರಾದರೊಬ್ಬರು ಕೂಗುತ್ತಾರೆ: “ಶರಣಾ, ಕುಷ್ಟಗಿ ತನಕಾದ್ರೂ ನಡೀತೈತೇನಪಾ ಇನ್ಶೂರೆನ್ಸ್? ತಂಗೀನ್ನ ಕೇಳೀದಿಲ್ಲೋ?” ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ. ನಾನೂ — ಹೌದು, ನಕ್ಕಿದ್ದೇನೆ.

ಹೋದ ಭಾನುವಾರ ಅಳವಂಡಿಗೆ ಹೋದಾಗಲೂ ಅದೇ ಚೇಷ್ಟೆ. ಊಟಕ್ಕೆ ಕೂತಿದ್ದ ಅವನ ಮಗಳು ತಲೆಯೆತ್ತಿ, “ಅಪ್ಪಾ, ಅತ್ತಿ ಇನ್ಶೂರೆನ್ಸ್ ಆಫೀಸಿನ್ಯಾಗ ಅದಾಳಲ್ಲ, ಮತ್ತ ನೀ ಯಾಕ ಕೇಳಲಿಲ್ಲ?” ಎಂದಳು.

“ಮರತಿದ್ದೆವ್ವಾ. ನಿಮ್ಮಪ್ಪನ ಬುದ್ಧಿ ಅಷ್ಟ ನೋಡು,” ಎಂದು ಅವನು ರೊಟ್ಟಿ ಮುರಿದ. ನನ್ನ ಕಡೆ ನೋಡಲಿಲ್ಲ. ಮಗಳು ಅದನ್ನು ನಂಬಿದಳು. ಅಂದು ಊರಿಗೆ ಮರಳದೆ ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಅಣ್ಣ ಬಾಡಿಗೆಗೆ ಹೊರಟಿದ್ದ. ದೊಡ್ಡವ್ವ ಬಾಗಿಲಲ್ಲಿ, ಮಗಳು ಕಟ್ಟೆಯ ಮೇಲೆ. ಕಾರು ಚಾಲೂ ಆಗಿತ್ತು.

“ನಿಲ್ಲಣ್ಣ,” ಎಂದೆ.

“ಹೊಂಟಾವನ್ನ ಹಿಂದ ಕರೀತಾರೇನs ಹುಚ್ಚಿ!” ಎಂದಳು ದೊಡ್ಡವ್ವ.

ಹೋಗಿ ಕಾರಿನ ಮುಂದೆ ನಿಂತೆ. “ಅಣ್ಣ ನನ್ನ ಕೇಳಿದ್ದ, ದೊಡ್ಡವ್ವ. ನೇಪಾಳದಾಗೂ ನಡೀತೈತಿ ಅಂದಾಕಿ ನಾನs. ತಪ್ಪಂತ ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ.”

ಅಣ್ಣ ಇಂಜಿನ್ ಆರಿಸಿದ. “ಸಾಕು ಬಿಡವಾ,” ಎಂದ.

ನಾನು ಅವನ ಮಗಳ ಕಡೆ ತಿರುಗಿ, ಅವಳಿಗೆ ತಿಳಿಯುವ ಹಾಗೆ, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.