ಹುಮನಾಬಾದಿನಿಂದ ಬರುತ್ತಿದ್ದ ಆರು ಅಂಕಿ

ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಶ್ರದ್ಧಾಂಜಲಿಯ ಬ್ಯಾನರು, ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ. ಅದನ್ನು ಪೂರಾ ದುಡ್ಡು ಕೊಟ್ಟು, ಬಿಲ್ಲು ಹಾಕಿಸಿಕೊಂಡು ತಂದವನು ನಾನು. ಆದರೂ ತಿಂಗಳಿಗೊಮ್ಮೆ ಅದು ಬಾಗಿಲು ಹಾಕಿಕೊಂಡು, ನೀನೇ ಮಾಲೀಕ ಅನ್ನುವುದಕ್ಕೆ ಸಾಕ್ಷಿ ಏನು ಅಂತ ಕೇಳುತ್ತದೆ. ಮೊಬೈಲಿಗೆ ಆರು ಅಂಕಿಯ ಒಟಿಪಿ ಬರುತ್ತದೆ. ಹತ್ತು ನಿಮಿಷದೊಳಗೆ ಒತ್ತಬೇಕು. ಪಕ್ಕದ ಅಂಗಡಿಯವನದು ಕದ್ದ ಕಾಪಿ. ಅದು ಇದುವರೆಗೆ ಅವನನ್ನು ಒಂದು ಮಾತೂ ಕೇಳಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು, ಚಹಾ ಕುಡಿಯುತ್ತ ನನ್ನ ಒದ್ದಾಟ ನೋಡುತ್ತಾನೆ.

ಕೊಳ್ಳುವಾಗ ನನ್ನ ಫೋನು ರಿಪೇರಿಗೆ ಹೋಗಿತ್ತು. ಹೆಂಡತಿಯ ನಂಬರು ಬರೆಸಿದೆ. ನಮ್ಮ ಮನೆ ಹುಮನಾಬಾದಿನಲ್ಲಿ. ನಾನು ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ಹಾಗಾಗಿ ಒಟಿಪಿ ಅಲ್ಲಿಗೆ ಹೋಗುತ್ತಿತ್ತು, ಅವಳು ನನಗೆ ಫೋನಿನಲ್ಲಿ ಓದಿ ಹೇಳುತ್ತಿದ್ದಳು. ಎರಡೆರಡೇ ಅಂಕಿ ಓದಿ ನಿಲ್ಲುವಳು. "ಬರಕೊಂಡ್ರಿ?" ನಾನು ಹೂಂ ಅಂದ ಮೇಲೇ ಮುಂದಿನದು. "ಲಗೂ ಹೇಳ, ಟೈಮ್ ಮುಗ್ಯಾಕತ್ತದ" ಅಂತ ಒದರುತ್ತಿದ್ದೆ. ಅವಳಿಗೆ ಅದೇನೂ ತಟ್ಟುತ್ತಿರಲಿಲ್ಲ. ಆರೂ ಮುಗಿದ ಮೇಲೆ, "ಊಟ ಆತೇನ್ರಿ?" ಅನ್ನುವಳು. ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟವಳೇ ಅವಳು, ಆದರೂ ಕೇಳುವಳು. ನಾನು ಅರ್ಧ ಮಾತಿಗೇ ಫೋನ್ ಇಟ್ಟುಬಿಡುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವಳು ತೀರಿಕೊಂಡ ಮೇಲೂ ನಂಬರು ಬದಲಿಸಲಿಲ್ಲ. ಕಂಪನಿಯ ಫಾರಮ್ಮಿನಲ್ಲಿ 'ಬದಲಾವಣೆಗೆ ಕಾರಣ' ಅಂತ ಒಂದು ಖಾನೆ ಇದೆ. ಎರಡು ಸಲ ಅದನ್ನು ತೆರೆದು ಕೂತು, ಹಾಗೇ ಮುಚ್ಚಿದೆ. ಅದರ ಬದಲು ಅವಳ ಫೋನನ್ನು ಚಾರ್ಜ್ ಮಾಡಿಟ್ಟು, ಒಟಿಪಿ ಬರುವ ದಿನ ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತುತ್ತಿದ್ದೆ.

ಹೋದ ವಾರ ಕಂಪ್ಯೂಟರ್ ಕೈಕೊಟ್ಟಿತು. ಹಳೆಯ ಫೈಲು ಉಳಿಸಿಕೊಂಡು, ಹಾರ್ಡ್ ಡಿಸ್ಕ್ ಬದಲಿಸಿ ಎಲ್ಲ ಹೊಸದಾಗಿ ಹಾಕಿಸಿದೆ. ಮರುದಿನ ಪಕ್ಕದ ಊರು ರಾಜೇಶ್ವರದವರೊಬ್ಬರು ಮಗಳ ಲಗ್ನಪತ್ರಿಕೆಯ ಕರಡು ನೋಡಲು ಬಂದು ಕೂತಿದ್ದರು. ಸಾಫ್ಟ್‌ವೇರು ಇದ್ಯಾವುದೋ ಬೇರೆ ಕಂಪ್ಯೂಟರ್ ಎಂದು ತಿಳಿದು, ದಿನವಲ್ಲದ ದಿನ ಒಟಿಪಿ ಕೇಳಿತು. ಅವಳ ಫೋನು ಹುಮನಾಬಾದಿನ ಮನೆಯಲ್ಲಿತ್ತು.

ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. "ರೊಕ್ಕಾ ಕೊಟ್ಟು ತಗೊಂಡವ್ರಿಗೇ ಯಾಕ್ರಿ ಈ ಕಾಟ? ಕಳ್ಳರನ್ನ ಕೇಳಾಕ ಆಗಂಗಿಲ್ಲ ನಿಮಗ? ಒಟಿಪಿ ಬರೋ ಫೋನ್ ಮನ್ಯಾಗದ, ನಾ ಇಲ್ಲಿ ಅಂಗಡ್ಯಾಗ!"

ಆ ಕಡೆಯ ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆತ್ತಗೆ, "ಸರ್, ಮನೇಲಿ ಯಾರಿಗಾದ್ರೂ ಫೋನ್ ಮಾಡಿ ಓದೋಕೆ ಹೇಳಿ, ಅಷ್ಟೇ," ಅಂದಳು.

"ಮನ್ಯಾಗ ಯಾರೂ ಇಲ್ರಿ."

"ಎಷ್ಟೊತ್ತಿಗೆ ಬರ್ತಾರೆ ಸರ್?"

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಇಷ್ಟು ದಿನ ಫಾರಮ್ಮಿನಲ್ಲಿ ಬರೆಯಲಾಗದ್ದನ್ನು ಗಿರಾಕಿಯ ಎದುರಿಗೇ ಬಾಯಿಬಿಟ್ಟು ಹೇಳಬೇಕಾಯಿತು. "ಅದು ನನ್ನ ಹೆಂಡ್ತಿ ನಂಬರ್ರಿ. ಅಕಿ ತೀರ್ಕೊಂಡಾಳ."

"ಸಾರಿ ಸರ್," ಅಂದಳು ಹುಡುಗಿ. ಆಮೇಲೆ ಬಿಲ್ಲಿನ ಸಂಖ್ಯೆ ಕೇಳಿ, ಹಳೆಯ ನಂಬರು ತೆಗೆದು ನನ್ನದು ಹಾಕಿದಳು. ಇಷ್ಟು ಸುಲಭದ ಕೆಲಸ ಅದು. ರಾಜೇಶ್ವರದವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು.

ನನ್ನ ಫೋನು ಸದ್ದು ಮಾಡಿತು. ಆರು ಅಂಕಿ. ಲಗೂ ಒತ್ತಬಹುದಿತ್ತು. ಎರಡೆರಡೇ ಓದಿ, ನಿಂತು, ನನ್ನಷ್ಟಕ್ಕೆ ಹೂಂ ಅಂದು ಒತ್ತಿದೆ. ಪರದೆ ತೆರೆಯಿತು. ಕರಡು ತೋರಿಸಿದೆ. "ಚಂದ ಬಂದದ್ರಿ," ಅಂದು ಅವರು ಎದ್ದು ಹೋದರು.

ಅವತ್ತು ಅಂಗಡಿ ಮುಚ್ಚಿ ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ನಾನು ಊಟ ಮಾಡಿರಲಿಲ್ಲ.