ಸಮುದ್ರದ ಮೀನಿಗೆ ಏಳನೆಯ ಕೊಡ

ನಮ್ಮ ಮನೆಯವರಿಗೆ ಸಮುದ್ರದ ಹುಚ್ಚು ಹಿಡಿದದ್ದು ಕಾರವಾರದಲ್ಲಿ. ಎಂಬತ್ತನೆಯ ಇಸವಿಯ ಆಚೀಚೆಯ ಮಾತು. ಕಚೇರಿಯವರು ಎರಡು ತಿಂಗಳ ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರು. ಅಲ್ಲಿನ ಒಬ್ಬ ಸಾಹೇಬರ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಇತ್ತಂತೆ, ಅದರ ತುಂಬ ಸಮುದ್ರದ ನೀರು, ನೀರಿನ ತುಂಬ ಬಣ್ಣದ ಮೀನು. ನೋಡಿ ಬಂದವರು ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಗೂ ಅಂಥದ್ದೊಂದು ಆಗಲೇಬೇಕು ಎಂದರು. ನಮ್ಮ ಮನೆಯಲ್ಲಿ ಮೀನು ತಿನ್ನುವವರೂ ಇಲ್ಲ, ಮುಟ್ಟುವವರೂ ಇಲ್ಲ.

ಹಿತ್ತಲಲ್ಲಿ ಒಂದು ಬಾವಿ ಇತ್ತು. ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕಾಯಿಸಿದರೆ ಹಂಡೆಗೆ ಬಿಳಿ ಪೊರೆ ಕಟ್ಟುತ್ತದೆ. ಕುಡಿಯಲು, ಅಡುಗೆಗೆ ಸಿಹಿನೀರು ಬೇಕೆಂದರೆ ಎರಡು ಓಣಿ ದಾಟಿ ಹಿಟ್ಟಿನ ಗಿರಣಿ ಮುಂದಿನ ನಳಕ್ಕೆ ಹೋಗಬೇಕು. ದಿನಕ್ಕೆ ಆರು ಕೊಡ. ಆರನ್ನೂ ಹೊರುವವಳು ನಾನು. ಅತ್ತೆಗೆ ಮೊಣಕಾಲು ನೋವು. ಗಂಡಸರು ಕೊಡ ಮುಟ್ಟುವ ರೂಢಿ ನಮ್ಮ ಓಣಿಯಲ್ಲಿ ಇರಲಿಲ್ಲ. ಎರಡು ಹೆರಿಗೆಯಾದ ಸೊಂಟ ಆರಕ್ಕೇ ಸಾಕೆನ್ನುತ್ತಿತ್ತು. ಅವರು ಗಾಜಿನ ಪೆಟ್ಟಿಗೆಯ ಮಾತೆತ್ತಿದ ದಿನವೇ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ: ಏನಾದರೂ ಆಗಲಿ, ಆರು ಏಳಾಗಬಾರದು.

ಪೆಟ್ಟಿಗೆ ಮಾಡಿಕೊಟ್ಟವನು ಕೊಪ್ಪಳದಲ್ಲಿ ದೇವರ ಫೋಟೋಗಳಿಗೆ ಚೌಕಟ್ಟು ಹಾಕುವವನು. ಮೊದಲ ಸಲ ನೀರು ತುಂಬಿದಾಗ ಮೂಲೆಯಿಂದ ಸೋರಿ ಪಡಸಾಲೆಯೆಲ್ಲ ಹಸಿಯಾಯಿತು. ಒರೆಸಿದವಳು ನಾನು. ಎರಡನೆಯ ಸಲ ನಿಂತಿತು. ಗಂಗಾವತಿಯಿಂದ ಕಾರವಾರಕ್ಕೆ ಅಕ್ಕಿ ಹೊತ್ತು ಹೋದ ಲಾರಿಯವನೊಬ್ಬ ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿಕೊಂಡು ಬಂದ, ಜೊತೆಗೆ ಪೆಟ್ಟಿಗೆಯ ತಳಕ್ಕೆ ಹಾಸಲು ಒಂದು ಚೀಲ ಉಸುಕು.

"ಉಸುಕು ಸಿಹಿನೀರಾಗ ತೊಳೀಬೇಕು," ಎಂದರು ಮನೆಯವರು. "ಮೂರು ಕೊಡ ಬೇಕಾಕ್ಕಾವ."

"ಬಾವಿ ಐತೆಲ್ಲ."

"ಸಾಹೇಬ್ರು ಸಿಹಿನೀರ ಅಂದಾರ. ನಿನಗೇನ್ ತಿಳೀತದ, ಮೂರನೇತ್ತ ಕಲತಾಕಿ."

ಮೂರನೆಯ ತರಗತಿಗೇ ಸಾಲಿ ಬಿಟ್ಟವಳು ನಾನು, ಸುಳ್ಳಲ್ಲ. ಆದರೆ ಕುಡಿಯುವ ನೀರು ತುಂಬಿಡುವ ಮಣ್ಣಿನ ಹರವಿಯಿಂದ ತೆಗೆದು ಉಸುಕಿಗೆ ಸುರಿದರೆ ಸಂಜೆಗೆ ಮಕ್ಕಳಿಗೆ ಕುಡಿಯಲು ಏನೂ ಉಳಿಯುವುದಿಲ್ಲ ಎಂಬ ಲೆಕ್ಕಕ್ಕೆ ಮೂರನೆಯ ತರಗತಿ ಬೇಕಾದಷ್ಟಾಯಿತು. ಅವರು ಕಚೇರಿಗೆ ಹೋದ ಮೇಲೆ ಉಸುಕನ್ನು ಬಾವಿಯ ನೀರಿನಲ್ಲೇ ತೊಳೆದು ಇಟ್ಟೆ. ಸಂಜೆ ಬಂದು ಮುಟ್ಟಿ ನೋಡಿ, "ಹ್ಞಾಂ, ಈಗ ಛಲೋ ಆತು," ಎಂದರು.

ಮುಂದಿನ ತಿಂಗಳು ತಾವೇ ಕಾರವಾರಕ್ಕೆ ಹೋಗಿ, ಬಂಡೆಗಳ ಸಂದಿಯಲ್ಲಿ ಹಿಡಿಸಿದ ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ನಮ್ಮ ಕೂಸುಗಳನ್ನು ಒಂದು ದಿನವೂ ಹಾಗೆ ಕೂರಿಸಿಕೊಂಡವರಲ್ಲ. ಐದು ಮೀನು ಹೊರಟಿದ್ದವಂತೆ, ಮನೆ ಮುಟ್ಟಿದ್ದು ಮೂರು. ಹಳದಿ ಬೆನ್ನು, ಮೈಮೇಲೆ ಕಪ್ಪು ಪಟ್ಟಿ, ಅಂಗೈಗಿಂತ ಸಣ್ಣವು. ಹುಬ್ಬಳ್ಳಿಯಿಂದ ತಂದ ಗಾಳಿಯ ಪಂಪು ಗುರ್ ಎನ್ನುತ್ತಿತ್ತು, ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು. ಓಣಿಯೇ ನೋಡಲು ಬಂತು.

ಪಕ್ಕದ ಮನೆಯವಳು ನನ್ನ ಕಿವಿಯಲ್ಲಿ, "ಯಕ್ಕಾ, ಯಾವಾಗ ಹುರೀತೀರಿ?" ಎಂದಳು.

ಅತ್ತೆಗೆ ಕೇಳಿಸಿತು. "ನನ್ನ ಮಗ ನೋಡಾಕ ತಂದಾನವಾ, ತಿನ್ನಾಕಲ್ಲ. ಆದ್ರ ಒಂದ್ ಮಾತು, ಆ ನೀರು ಮುಟ್ಟಿದ ಕೊಡ ನನ್ನ ಹರವಿಗೆ ತಾಗಬಾರದು."

ಚೈತ್ರದ ಬಿಸಿಲು ಬಂತು. ಪೆಟ್ಟಿಗೆಯ ನೀರು ದಿನಕ್ಕೊಂದು ಬೆರಳಷ್ಟು ಇಳಿಯತೊಡಗಿತು. ಇಳಿದಷ್ಟಕ್ಕೆ ಏನು ಸುರಿಯಬೇಕೆಂಬುದನ್ನು ಮನೆಯವರು ಸಾಹೇಬರನ್ನು ಕೇಳಿಯೇ ಇರಲಿಲ್ಲ. ಸಿಹಿನೀರು ಹಾಕಿದರೆ ಸಮುದ್ರದ ಮೀನು ಸಾಯುತ್ತದೆ ಎಂದು ತಾವೇ ತೀರ್ಮಾನ ಮಾಡಿದರು.

"ಸವಳಂದ್ರೂ ಉಪ್ಪು, ಸಮುದ್ರಂದ್ರೂ ಉಪ್ಪು," ಎಂದು ತಾಯಿಗೆ ತಿಳಿಸಿ ಹೇಳಿದರು. "ನಮ್ಮ ಬಾವ್ಯಾಗ ಸಣ್ಣ ಸಮುದ್ರನ ಐತಿ. ಸ್ವಲ್ಪ ಕಮ್ಮಿ ಬಿದ್ರ ಒಂದ್ ಹಿಡಿ ಹರಳುಪ್ಪು ಹಾಕಿದ್ರಾತು."

"ಭಾಳ ಶಾಣ್ಯಾ ನನ್ನ ಮಗ," ಎಂದರು ಅತ್ತೆ.

ದಿನವೂ ಬಾವಿಯ ನೀರು ಎರಡು ತಂಬಿಗೆ, ಜೊತೆಗೆ ಹಿಡಿ ಉಪ್ಪು. ನಾನು ರೊಟ್ಟಿ ಬಡಿಯುತ್ತ ನೋಡುತ್ತಿದ್ದೆ. ಒಲೆ ಮುಂದೆ ಕುಳಿತವಳಿಗೆ ಇದು ತಿಳಿಯದ ಸಂಗತಿಯಲ್ಲ. ಸಾರು ಕುದ್ದು ಕುದ್ದು ಇಳಿದರೆ ಉಪ್ಪಾಗುತ್ತದೆ. ಆಗ ನೀರು ಹಾಕುತ್ತಾರೆ, ಉಪ್ಪು ಹಾಕುವುದಿಲ್ಲ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಒಂದು ದಿನ ಯಾರೂ ಇಲ್ಲದಾಗ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಮೊದಲು ಕ್ಯಾನಿನಿಂದ ಸುರಿದಾಗಲೂ ಹೀಗೇ ರುಚಿ ನೋಡಿದ್ದೆ, ಆಗ ಬರೀ ಉಪ್ಪಾಗಿತ್ತು. ಈಗ ಕಹಿ ಹತ್ತಿತು, ನಾಲಿಗೆ ಚುರ್ ಎಂದಿತು.

ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಸಿಹಿನೀರು ಬೇಕಾಗುತ್ತದೆ. ಮೀನಿನ ನೀರಿಗೆ ಮುಟ್ಟಿಸಿದ ಕೊಡ ಹರವಿಗೆ ತಾಗಬಾರದು, ಅಂದರೆ ಅದಕ್ಕೇ ಬೇರೆ ಕೊಡ. ಅದು ಏಳನೆಯದು. ನಾನು ಬಾಯಿ ಮುಚ್ಚಿಕೊಂಡು ಹಿಟ್ಟು ನಾದಿದೆ.

ಒಂದು ಮೀನು ಅಡ್ಡ ಮಲಗಿ ಸತ್ತಿತು. ಎರಡು ದಿನಕ್ಕೆ ಇನ್ನೊಂದು. ಮೀನಿನ ತಪ್ಪೇನೂ ಇರಲಿಲ್ಲ, ಅದು ನನಗೆ ಗೊತ್ತು. ಆದರೂ ಹೇಳಲಿಲ್ಲ.

ಮನೆಯವರು ಊಟ ಬಿಟ್ಟರು. ಅತ್ತೆ ನನ್ನ ಕಡೆ ಬೆರಳು ಮಾಡಿದರು. "ಇಕಿ ನೀರಾಗ ಸಾಬೂನ ಕೈ ಅದ್ದ್ಯಾಳ. ಹೊಟ್ಟಿಕಿಚ್ಚು."

"ನಾನ್ಯಾಕ ಮೀನಿಗೆ ಹೊಟ್ಟಿಕಿಚ್ಚ ಪಡ್ಲಿ ಅತ್ತೀರಿ? ಅದಕ್ಕೇನ್ ಕೊಡ ಹೊರೂದು ತಪ್ಪೈತೇನು?" ಎಂದೆ. ಅಂದ ಮೇಲೆ ನನಗೇ ಅನ್ನಿಸಿತು, ಹೌದು, ಅದಕ್ಕೆ ಹೊರುವುದು ತಪ್ಪಿದೆ.

ಮನೆಯವರು ಕಾರವಾರದ ಸಾಹೇಬರಿಗೆ ಕಾಗದ ಬರೆದರು. ಉತ್ತರ ಬರುವವರೆಗೆ ಮೂರನೆಯದು ಮೂಲೆ ಹಿಡಿದು ಕಿವಿರು ಬಡಿಯುತ್ತ ನಿಂತಿತ್ತು. ಕಾರ್ಡು ಬಂದಾಗ ಪಡಸಾಲೆಯಲ್ಲಿ ನಿಂತೇ ಗಟ್ಟಿಯಾಗಿ ಓದಿದರು. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ, ಆದ್ದರಿಂದ ಇಳಿದಷ್ಟಕ್ಕೆ ಸಿಹಿನೀರನ್ನೇ ಹಾಕಬೇಕು, ಈಗ ಉಪ್ಪೇರಿದ ನೀರನ್ನು ದಿನಕ್ಕಿಷ್ಟು ತೆಗೆದು ಸಿಹಿನೀರು ಸೇರಿಸುತ್ತ ಬನ್ನಿ, ಅವಸರ ಮಾಡಬೇಡಿ ಎಂದಿತ್ತು. ಓದಿ ಮುಗಿಸಿ ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಒಳಗೆ ಬಂದರು.

"ಸಾರು ಇಳಿದ್ರ ಉಪ್ಪಾಕ್ಕೈತಲ್ಲ."

"ಹೌದ್ರಿ."

"ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಮೂರನೇತ್ತ ಕಲತಾಕಿ ಏನ್ ಹೇಳ್ತಾಳ್ರಿ?"

ಕೈ ಎತ್ತಿದರು. ನಾನು ಲಟ್ಟಣಿಗೆ ಹಿಡಿದಿದ್ದೆ, ಕೆಳಗೆ ಇಡಲಿಲ್ಲ. ಅವರು ಕೈ ಇಳಿಸಿದರು. "ನಾಳಿಂದ ಒಂದ್ ಕೊಡ ಅದಕ್ಕ ಹೆಚ್ಚಿಗಿ ತಾ," ಎಂದರು.

"ತರಂಗಿಲ್ಲ. ಬೇಕಾದವರು ತರ್ಲಿ."

ಮಾರನೆಯ ದಿನ ಬೆಳಿಗ್ಗೆ ಅಟ್ಟದಿಂದ ಹಳೆಯ ಹಿತ್ತಾಳೆ ಕೊಡ ಇಳಿಸಿಕೊಂಡು ಅವರು ನಳಕ್ಕೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ಕುಳಿತರು. ದಾಟಿಕೊಂಡು ಹೋದರು. ನಾನು ಹಿಂದೆ ನನ್ನ ಕೊಡ ಹಿಡಿದು ಹೋದೆ. ನಳದ ಮುಂದೆ ನಮ್ಮಲ್ಲಿ ಪಾಳಿ ಮನುಷ್ಯರದ್ದಲ್ಲ, ಕೊಡದ್ದು. ಕೊಡ ಎಲ್ಲಿ ಕೂತಿದೆಯೋ ಅಲ್ಲೇ ಪಾಳಿ. ಅವರು ಸೀದಾ ನಳದ ಬಾಯಿಗೆ ಹಿಡಿದರು. ಹೆಂಗಸರು ಬಿಡುತ್ತಾರೆಯೇ.

"ಅಣ್ಣಾರ, ಇದು ನಿಮ್ಮ ಕಚೇರಿ ಅಲ್ರಿ. ಹಿಂದ ಇಡ್ರಿ."

"ಯಾರಿಗಿ ಆರಾಮಿಲ್ರಿ ಮನ್ಯಾಗ?"

"ಮೀನಿಗಂತವಾ. ಮೀನಿಗಿ ನೀರಡಿಕಿ ಆಗೇತಂತ."

ಅವರ ಕಿವಿ ಕೆಂಪಾದವು. ಕೊಡವನ್ನು ಕೊನೆಗೆ ಒಯ್ದಿಟ್ಟರು. ಸಿಂಬಿ ಇಟ್ಟು ತಲೆಯ ಮೇಲೆ ಹೊರಲು ಬರದು, ಸೊಂಟಕ್ಕೆ ನಿಲ್ಲದು. ಎರಡೂ ಕೈಯಲ್ಲಿ ಅಪ್ಪಿಕೊಂಡು ಹೊರಟರು. ಮನೆ ಮುಟ್ಟುವಷ್ಟರಲ್ಲಿ ಅಂಗಿಯೆಲ್ಲ ತೊಯ್ದು ಕೊಡ ಅರ್ಧವಾಗಿತ್ತು. ನಾನು ನಗಲಿಲ್ಲ, ಸಹಾಯವನ್ನೂ ಮಾಡಲಿಲ್ಲ.

ಆ ಮೀನು ಉಳಿಯಿತು. ಮೂಲೆ ಬಿಟ್ಟು ಈಜಾಡಿತು, ಅಕ್ಕಿಕಾಳಿನಷ್ಟು ಕತ್ತರಿಸಿ ಹಾಕಿದ ಸೊಪ್ಪನ್ನು ತಿಂದಿತು. ದಿನಕ್ಕೆ ಅದಕ್ಕೆ ಬೇಕಾಗುತ್ತಿದ್ದದ್ದು ಎರಡು ತಂಬಿಗೆ. ಕೊಡದಲ್ಲಿ ಉಳಿದದ್ದು ಪೆಟ್ಟಿಗೆಗೆ ಮುಟ್ಟಿಲ್ಲ ತಾನೇ ಎಂದು ನಾನು ಹರವಿಗೆ ಸುರಿದುಕೊಳ್ಳುತ್ತಿದ್ದೆ. ಅತ್ತೆ ಕಂಡೂ ಕಾಣದಂತಿದ್ದರು, ಮಗ ತಂದ ನೀರಲ್ಲವೇ. ಚೆಲ್ಲದೆ ತರುವುದು ಅವರಿಗೆ ರೂಢಿಯಾದ ಮೇಲೆ ನಾನು ಐದು ಕೊಡಕ್ಕೆ ಇಳಿದೆ. ಗಂಡ ಹೆಂಡತಿ ಮಾತಂತೂ ಇರಲಿಲ್ಲ. ಒಂದೇ ನಳಕ್ಕೆ ಹೋಗಿ ಬರುತ್ತಿದ್ದೆವು, ಅವರು ಮುಂದೆ, ನಾನು ಹಿಂದೆ.

ಮುಂಗಾರಿಗೆ ಮೊದಲು ಬೀಸಿದ ಗಾಳಿಗೆ ಗಿಣಿಗೇರಾ ಕಡೆಯ ಕಂಬಗಳು ಬಿದ್ದು ಎರಡು ದಿನ ಕರೆಂಟು ಹೋಯಿತು. ಪಂಪು ನಿಂತಿತು. ಮನೆಯವರು ಬೀಸಣಿಗೆ ಹಿಡಿದು ನೀರಿಗೆ ಗಾಳಿ ಹಾಕಿದರು, ಊದುಗೊಳವೆಯಿಂದ ಊದಿದರು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟು ಸತ್ತಿತು. ಹಿತ್ತಲಲ್ಲಿ ನಿಂಬೆಗಿಡದ ಬುಡಕ್ಕೆ ಹಾಕಿ ಬಂದರು.

ಮಾರನೆಯ ದಿನ ಬೆಳಿಗ್ಗೆ ಅವರು ಎದ್ದು ಕುಳಿತೇ ಇದ್ದರು. ನಾನು ಹಿತ್ತಾಳೆ ಕೊಡ ತಂದು ಮುಂದೆ ಇಟ್ಟೆ.

"ಮೀನು ಸತ್ತೈತಿ," ಎಂದರು.

"ನಾವಿನ್ನೂ ಸತ್ತಿಲ್ರಿ."

ನನ್ನ ಮುಖ ನೋಡಿದರು. ಬೈಗುಳ ಬರುತ್ತದೆ ಎಂದುಕೊಂಡೆ, ಬಂತು ಕೂಡ, ನನ್ನ ತವರಿನವರೆಗೂ ಹೋಯಿತು. ಬೈಯುತ್ತಲೇ ಕೊಡ ಎತ್ತಿಕೊಂಡು ಚಪ್ಪಲಿ ಹಾಕಿದರು.